ಕಮಾನು ಲಾಡ್ಜಿನ ಗುಂಡಿ

ರಸ್ತೆ ಗುಡಿಸುವವರ ಮೇಸ್ತ್ರಿ ನವೀನ್‌ಕುಮಾರ್ ಬೈಕಿನಿಂದ ಇಳಿಯಲೂ ಇಲ್ಲ. ಕೂತಲ್ಲಿಂದಲೇ ಕಾಲು ಚಾಚಿ ರಸ್ತೆ ತೋರಿಸಿದ.

"ಯಮುನ, ಇನ್ನೊಂದು ಸಲ ಗುಡ್ಸು. ಮಡಿಕೇರಿಯಿಂದ, ಮೈಸೂರಿಂದ ದೊಡ್ಡೋರು ಬತ್ತಾವ್ರೆ, ಊರಿನ ಇತಿಹಾಸ ನೋಡಕ್ಕೆ. ಒಂದು ಗುಟ್ಕಾ ಚೀಟಿ ಕಾಣಬಾರ್ದು."

ಆಗಲೇ ಗುಡಿಸಿದ್ದ ರಸ್ತೆಯನ್ನು ಯಮುನ ಮತ್ತೆ ಗುಡಿಸಿದಳು. ಬಸ್ ಸ್ಟ್ಯಾಂಡಿನ ತಿರುವಿನಿಂದ ಕಮಾನು ಲಾಡ್ಜಿನ ಬಾಗಿಲವರೆಗೆ ಬೆನ್ನು ಎತ್ತಲಿಲ್ಲ. ಎರಡೂ ಬದಿಗೆ ಬ್ಲೀಚಿಂಗ್ ಪೌಡರ್ ಎರಚಿದಳು. ಬೆರಳ ಸಂದಿಯ ಬಿರುಕಿಗೆ ಪೌಡರ್ ಇಳಿದು ಉರಿಯಿತು. ಅಷ್ಟಾದರೂ ವಾಸನೆ ಹೋಗಲಿಲ್ಲ. ಅದು ರಸ್ತೆಯ ವಾಸನೆಯಲ್ಲ. ಲಾಡ್ಜಿನ ಒಳಗಿಂದ ಬರುತ್ತಿತ್ತು. ಗುಂಡಿ ಉಕ್ಕಿದೆ ಎಂದು ಅವಳಿಗೆ ಆಗಲೇ ಗೊತ್ತಾಯಿತು.

ಆ ಗುಂಡಿಯಲ್ಲೇ ಮೂರು ವರ್ಷದ ಹಿಂದೆ ಅವಳ ಗಂಡ ಸಣ್ಣಸ್ವಾಮಿ ಸತ್ತಿದ್ದ.

ಅದು ರಜೆಯ ಕಾಲ. ಟಿಬೆಟ್ಟರ ದೇವಸ್ಥಾನ ನೋಡಲು ಬಂದ ಪ್ರವಾಸಿಗರಿಂದ ಕುಶಾಲನಗರದ ಲಾಡ್ಜುಗಳೆಲ್ಲ ತುಂಬಿದ್ದವು. ಊರಿನ ಈ ಭಾಗಕ್ಕೆ ಒಳಚರಂಡಿ ಇರಲಿಲ್ಲ. ಕಮಾನು ಲಾಡ್ಜಿನ ಹಿಂದಿನ ಅಂಗಳದಲ್ಲಿದ್ದ ಕಕ್ಕಸು ಗುಂಡಿ ತುಂಬಿ, ಕೆಳಗಿನ ರೂಮುಗಳ ಬಚ್ಚಲಿನಲ್ಲಿ ಹೇಲು ಮೇಲೆ ಬಂತು. ಮಾಲೀಕ ಕೀರ್ತಿಕುಮಾರ್ ಕೇರಿಗೆ ಆಳು ಕಳಿಸಿದ. ಸಣ್ಣಸ್ವಾಮಿ ಬಕೆಟ್ ಹಿಡಿದು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಮೊದಲ ಕೆಲವು ಬಕೆಟ್ ಮೇಲೆ ಬಂದವು. ಆಮೇಲೆ ಹಗ್ಗ ಸಡಿಲವಾಯಿತು. ಅಷ್ಟೇ.

ಕುಡಿದು ಬಂದಿದ್ದ, ಒಂದಕ್ಕೆ ಹೋದವನು ಕಾಲು ಜಾರಿ ಬಿದ್ದ ಎಂದು ಕೀರ್ತಿಕುಮಾರ್ ಸ್ಟೇಷನ್ನಿನಲ್ಲಿ ಬರೆಸಿದ. ಊರು ಅದನ್ನೇ ನಂಬಿತು. ಹೆಣವನ್ನು ಮನೆಗೆ ತರುವ ಮುಂಚೆ ಲಾಡ್ಜಿನವರು ಪೈಪ್ ಹಿಡಿದು ತೊಳೆದಿದ್ದರು, ಹೊರಗಿನಿಂದ. ಬಾಯೊಳಗೆ ಯಾರೂ ತೊಳೆದಿರಲಿಲ್ಲ. ಅದನ್ನು ಯಮುನ ತೊಳೆದಳು. ಸೆರಗಿನ ತುದಿ ಬೆರಳಿಗೆ ಸುತ್ತಿ ಹಲ್ಲಿನ ಸಂದಿಯಿಂದ, ನಾಲಿಗೆಯ ಅಡಿಯಿಂದ, ಮೂಗಿನಿಂದ ತೆಗೆದಳು. ತೆಗೆದಷ್ಟೂ ಬರುತ್ತಿತ್ತು.

ಈ ಮಾತನ್ನು ಅವಳು ಹೊರಗಿನವರಿಗೆ ಹೇಳಿದ್ದು ಒಂದೇ ಸಲ. ಅದೂ ಈಚೆಗೆ, ಬರೆಯೋ ಮೇಡಂಗೆ.

ಬರೆಯೋ ಮೇಡಂ ಎಂದರೆ ಸೌಜನ್ಯ. ಶಿವಮೊಗ್ಗದ ಕಡೆಯವಳು, ಮೂವತ್ತರ ಆಸುಪಾಸು, ಎರಡು ಕಥೆ ಪುಸ್ತಕ ಬರೆದಿದ್ದಳಂತೆ. ಒಂದು ಟ್ರಸ್ಟಿನವರು ರೆಸಿಡೆನ್ಸಿ ಎಂದು ಅವಳನ್ನು ಇಲ್ಲಿಗೆ ಕಳಿಸಿದ್ದರು. ಊರಿನಲ್ಲಿ ಕೆಲವು ತಿಂಗಳು ಇದ್ದು, ಊರಿನವರನ್ನೇ ಮಾತಾಡಿಸಿ, ಅವರ ಜೊತೆ ಸೇರಿ ಊರಿನ ಇತಿಹಾಸ ಬರೆಯಬೇಕು. ಕಡೆಗೆ ಒಂದು ಭಾನುವಾರ ಜನರನ್ನು ಕರೆದುಕೊಂಡು ಬೀದಿ ಬೀದಿ ನಡೆದು ಆ ಕಥೆಗಳನ್ನು ನಿಂತಲ್ಲೇ ಹೇಳಬೇಕು. ಕೀರ್ತಿಕುಮಾರ್ ಆ ಕಾರ್ಯಕ್ರಮದ ಸ್ವಾಗತ ಸಮಿತಿಯ ಅಧ್ಯಕ್ಷ. ಲಾಡ್ಜಿನ ಮೇಲಿನ ರೂಮನ್ನು ಸೌಜನ್ಯಳಿಗೆ ಪುಕ್ಕಟೆ ಬಿಟ್ಟುಕೊಟ್ಟಿದ್ದ.

ಒಂದು ಮಧ್ಯಾಹ್ನ ಸೌಜನ್ಯ ಕೇರಿಗೆ ಬಂದು ಯಮುನಳ ಮನೆಯ ಜಗಲಿಯ ಮೇಲೆ ಕೂತಳು. ಕೊಟ್ಟ ಕಾಪಿ ಕುಡಿದಳು. "ನಿಮ್ಮ ಕಥೆ ಇಲ್ದೆ ಈ ಊರಿನ ಇತಿಹಾಸ ಆಗಲ್ಲ ಯಮುನಕ್ಕ" ಎಂದಳು. ಹಾಗೆ ಕೇಳಿದವರು ಯಾರೂ ಇರಲಿಲ್ಲ. ಯಮುನ ಎಲ್ಲ ಹೇಳಿದಳು. ಬಾಯಿ ತೊಳೆದದ್ದನ್ನೂ ಹೇಳಿದಳು. ಸೌಜನ್ಯ ಅತ್ತಳು. ಕೈ ಹಿಡಿದುಕೊಂಡು, "ಆ ಲಾಡ್ಜಿನ ಮುಂದೆ ನಿಂತು ಇದನ್ನ ಹೇಳ್ತೀನಿ" ಎಂದಳು.

ಶನಿವಾರ ಸಂಜೆ ಲಾಡ್ಜಿನ ಕಮಾನಿಗೆ ಒಂದು ಬೋರ್ಡ್ ಬಂತು. ಯಮುನ ಏಳನೇ ಕ್ಲಾಸಿನವರೆಗೆ ಓದಿದವಳು. ಪೊರಕೆ ಊರಿಕೊಂಡು ಓದಿದಳು. ಶನಿವಾರಸಂತೆಯಿಂದ ಏಲಕ್ಕಿ ವ್ಯಾಪಾರಕ್ಕೆ ಬಂದ ಮಲ್ಲಪ್ಪನವರು ದಾರಿಹೋಕರಿಗೆಂದು ಈ ವಸತಿಗೃಹ ಕಟ್ಟಿಸಿದ್ದು, ಮಂಗಳೂರಿನಿಂದ ಹೆಂಚು, ಮೈಸೂರಿನಿಂದ ಗಾರೆಯವರು ಬಂದದ್ದು, ಕಮಾನಿನ ಮೇಲಿನ ಜೋಡಿ ನವಿಲು, ಎಲ್ಲವೂ ಇತ್ತು. ಸಣ್ಣಸ್ವಾಮಿ ಇರಲಿಲ್ಲ.

ಮಹಡಿಯಿಂದ ಇಳಿದು ಬಂದ ಸೌಜನ್ಯಳನ್ನು ಯಮುನ ಅಲ್ಲೇ ಕೇಳಿದಳು. ಸೌಜನ್ಯ ಸುತ್ತ ನೋಡಿದಳು. ದನಿ ತಗ್ಗಿಸಿದಳು.

"ಸ್ವಲ್ಪ ಸೂಕ್ಷ್ಮ ವಿಷಯ ಯಮುನಕ್ಕ. ಸಮಿತಿಯವರು ವಾಕ್‌ನಲ್ಲಿ ಬೇಡ ಅಂದ್ರು. ಪುಸ್ತಕದಲ್ಲಿ ಖಂಡಿತ ಬರುತ್ತೆ. ಹೆಸರಿಲ್ದೆ, ಒಬ್ಬ ಕಾರ್ಮಿಕ ಅಂತ..."

"ಅವ್ರಿಗೆ ಹೆಸ್ರಿತ್ತು ಮೇಡಂ" ಎಂದಳು ಯಮುನ. ಪೊರಕೆ ಎತ್ತಿಕೊಂಡು ಹೋದಳು.

ಈಗ ಭಾನುವಾರ. ಕಮಾನಿನೊಳಗಿಂದ ಕೀರ್ತಿಕುಮಾರನ ಕೂಗು ಕೇಳುತ್ತಿತ್ತು. ನಡೆದು ಬಂದವರಿಗೆ ಹಿಂದಿನ ಅಂಗಳದಲ್ಲಿ ಕಾಪಿ, ಕಡುಬು ಎಂದು ಏರ್ಪಾಡಾಗಿತ್ತು. ಶಾಮಿಯಾನ ಹಾಕಿ ಕುರ್ಚಿ ಜೋಡಿಸಿದ್ದರು. ಕುರ್ಚಿಗಳ ಕಾಲಿಗೇ ಕಪ್ಪು ನೀರು ಬಂದಿತ್ತು.

ಕಾವಲುಗಾರ ದೇರಪ್ಪ ಗೇಟಿನಿಂದ ಹೊರಗೆ ಬಂದ. ಸುಳ್ಯದ ಕಡೆಯಿಂದ ಬಂದು ಈ ಲಾಡ್ಜಿನಲ್ಲೇ ಮುದುಕನಾದವನು. ಸಣ್ಣಸ್ವಾಮಿ ಇಳಿದ ದಿನ ಹಗ್ಗ ಹಿಡಿದಿದ್ದವನು ಅವನೇ. ಸಾವಿನ ಮಾರನೆಯ ದಿನ ಯಮುನಳ ಮನೆ ಬಾಗಿಲಲ್ಲಿ ನಿಂತು ನಡೆದದ್ದನ್ನು ಹೇಳಿ, ಅತ್ತು ಹೋಗಿದ್ದ. ಮತ್ತೆ ಎಲ್ಲಿಯೂ ಬಾಯಿ ಬಿಟ್ಟಿರಲಿಲ್ಲ. ಈಗ ಅವಳ ಮುಖ ನೋಡದೆ ಹೇಳಿದ:

"ಯಮುನ, ಒಳಗೆ ನಿನ್ನ ಮೈದ್ನ ಬಂದುಟ್ಟು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಪೊರಕೆ ರಸ್ತೆಯಲ್ಲೇ ಬಿತ್ತು.

ಕೇರಿಯವರು ಲಾಡ್ಜಿನೊಳಗೆ ಹೋಗುವುದು ಪಕ್ಕದ ಓಣಿಯಿಂದ, ಕಸದ ಬಾಗಿಲಿನಿಂದ. ಯಮುನ ಕಮಾನಿನ ಕೆಳಗೇ ಹೋದಳು. "ಏ, ಏ, ಎಲ್ಲಿಗೆ" ಎಂದು ನವೀನ್‌ಕುಮಾರ್ ಬೈಕ್ ನಿಲ್ಲಿಸಿ ಹಿಂದೆ ಓಡಿದ.

ಅಂಗಳದ ಮೂಲೆಯಲ್ಲಿ, ಪಕ್ಕದ ಮನೆಯ ಗೋಡೆಗೆ ತಾಗಿದಂತೆ ಗುಂಡಿ. ಚಪ್ಪಡಿಯನ್ನು ಅರ್ಧ ಸರಿಸಿದ್ದರು. ಅದರ ಪಕ್ಕದಲ್ಲಿ ಲೋಕೇಶ್ ನಿಂತಿದ್ದ. ಸಣ್ಣಸ್ವಾಮಿಯ ತಮ್ಮ. ಬರೀ ಚಡ್ಡಿ. ಹೊಲಸು ಅಂಟದಿರಲೆಂದು ಮೈತುಂಬ ಕೊಬ್ಬರಿ ಎಣ್ಣೆ. ಸೊಂಟಕ್ಕೆ ಹಗ್ಗ. ಕೈಯಲ್ಲಿ ತೊಂಬತ್ತರ ಬ್ರಾಂದಿ ಪ್ಯಾಕೆಟ್ಟು, ಇನ್ನೂ ಒಡೆದಿರಲಿಲ್ಲ. ಅದೇ ಎಣ್ಣೆ, ಅದೇ ಜಾಗ. ಅಣ್ಣನದೇ ಭುಜ, ಅಣ್ಣನದೇ ಕುತ್ತಿಗೆ.

"ಲೋಕೇಶ, ಹಗ್ಗ ಬಿಚ್ಚು."

"ಅತ್ಗೆ, ನೀವ್ಯಾಕೆ ಬಂದ್ರಿ ಇಲ್ಲಿಗೆ? ಹೋಗಿ."

"ಬಿಚ್ಚು ಅಂದೆ."

"ರೂಂ ಬಾಯ್ ಕೆಲಸ ಕೊಡ್ತೀನಿ ಅಂದವ್ರೆ. ಸೋಮವಾರದಿಂದ್ಲೇ. ಇದೊಂದು ಸಲ ಅತ್ಗೆ. ಆಮೇಲೆ ಯಾವತ್ತೂ ಇಲ್ಲ."

"ನಿಮ್ಮಣ್ಣನೂ ಇದೊಂದು ಸಲ ಅಂತ್ಲೇ ಹೋಗಿದ್ದು."

"ಅಣ್ಣ ಕುಡ್ದಿದ್ದ! ಕುಡ್ದು ಬಿದ್ದ! ನಾನು ಬೀಳಲ್ಲ."

ಅಣ್ಣ ಸಾಯುವಾಗ ಲೋಕೇಶ್ ಪಾಲಿಬೆಟ್ಟದ ಎಸ್ಟೇಟಿನ ಲೈನ್‌ಮನೆಯಲ್ಲಿದ್ದ, ಕಾಪಿ ಹಣ್ಣು ಕೀಳುವ ಕೆಲಸಕ್ಕೆ. ಬಂದಾಗ ಮಣ್ಣಾಗಿತ್ತು. ಊರು ಹೇಳಿದ್ದನ್ನೇ ಅವನೂ ನಂಬಿದ್ದ. ಅತ್ತಿಗೆಯ ಮಾತನ್ನು ದುಃಖದ ಮಾತು ಎಂದುಕೊಂಡಿದ್ದ.

ಕೀರ್ತಿಕುಮಾರ್ ಬಂದ. ಬಿಳಿ ಜುಬ್ಬ, ಎದೆಗೆ ಸಮಿತಿಯ ಬ್ಯಾಡ್ಜ್. ಕರವಸ್ತ್ರ ಮೂಗಿಗೆ ಒತ್ತಿಕೊಂಡೇ ಮಾತಾಡಿದ.

"ಏನಮ್ಮ ನಿಂದು? ಅವನಿಗಿಲ್ಲದ ತೊಂದ್ರೆ ನಿನಗೇನು? ಜನ ಸೇತುವೆ ಹತ್ರ ಬಂದಿದಾರೆ. ಅರ್ಧ ಗಂಟೆ ಕೆಲಸ."

"ಲಾರಿ ತರ್ಸಿ ಸಾರ್. ಪೈಪ್ ಹಾಕಿ ಎಳೀತಾರಲ್ಲ, ಆ ಲಾರಿ."

"ತರಿಸ್ದೆ ಇರ್ತಿದ್ನಾ? ಕಮಾನು ದಾಟಿ ಒಳಗೆ ಬರಲ್ಲ ಅದು. ರಸ್ತೇಲಿ ನಿಂತ್ರೆ ಪೈಪು ಇಲ್ಲೀವರೆಗೆ ಮುಟ್ಟಲ್ಲ. ಗೊತ್ತಿಲ್ದೆ ಮಾತಾಡ್ಬೇಡ. ನಿಮ್ಮ ಜನಕ್ಕೆ ಅಭ್ಯಾಸ ಇರೋ ಕೆಲಸವೇ ಅಲ್ವಾ ಇದು?"

ಅಭ್ಯಾಸ. ಆ ಮಾತು ಯಮುನಳ ಕಿವಿಯಲ್ಲಿ ಉಳಿಯಿತು. ಅವಳು ಚಪ್ಪಡಿಯ ಹತ್ತಿರ ಹೋಗಿ ಎರಡೂ ಕೈಯಿಂದ ತಳ್ಳಿದಳು. ಕಲ್ಲು ಗರಗರ ಎಂದು ಸರಿದು ಗುಂಡಿಯ ಬಾಯಿ ಮುಚ್ಚಿತು. ಅದರ ಮೇಲೆ ಕೂತಳು. ಚಪ್ಪಡಿಯ ಮೇಲಿದ್ದ ಹೊಲಸು ಸೀರೆಗೆ ಇಳಿಯಿತು, ತೊಡೆಗೆ ತಣ್ಣಗೆ ತಾಗಿತು. ಅವಳು ಅಲುಗಲಿಲ್ಲ.

"ಏಳೇ" ಎಂದ ನವೀನ್‌ಕುಮಾರ್. "ಏಳಲಿಲ್ಲ ಅಂದ್ರೆ ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ."

"ಬರಲ್ಲ ಬಿಡು."

"ಲೋಕೇಶ, ಎಬ್ಬಿಸೋ ಅವಳ್ನ" ಎಂದ ಕೀರ್ತಿಕುಮಾರ್.

ಲೋಕೇಶ್ ಅವಳ ತೋಳು ಹಿಡಿದು ಎಳೆದ. ಎಣ್ಣೆಯ ಕೈ ಜಾರಿತು. ಮತ್ತೆ ಹಿಡಿದ. ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ ಬಂತು. ಯಮುನ ಕೂತಲ್ಲಿಂದಲೇ ಅವನ ಕೆನ್ನೆಗೆ ಹೊಡೆದಳು. ಅವನಿಗೆ ಅವಳು ಕೈ ಎತ್ತಿದ್ದು ಅದೇ ಮೊದಲು. ಮದುವೆಯಾಗಿ ಬಂದಾಗ ಅವನು ಗುಬ್ಬಚ್ಚಿಯಂಥ ಹುಡುಗ. ಉಣ್ಣಿಸಿ ಬೆಳೆಸಿದ್ದಳು.

"ನಿಮ್ಮಣ್ಣನ ಬಾಯಿಂದ ಇದನ್ನ ಬೆರಳು ಹಾಕಿ ತೆಗ್ದೋಳು ನಾನು" ಎಂದಳು. "ನಿನ್ನ ಬಾಯಿಂದ ತೆಗೆಯಕ್ಕೆ ನನ್ನ ಕೈಲಿ ಆಗಲ್ಲ ಕಣ್ಲಾ."

ಅಷ್ಟರಲ್ಲಿ ಕಮಾನಿನ ಕಡೆ ಗದ್ದಲವಾಯಿತು. ನಡೆಯುವವರು ಬಂದೇಬಿಟ್ಟಿದ್ದರು. ಟೋಪಿ ಹಾಕಿದವರು, ನೀರಿನ ಬಾಟಲಿ ಹಿಡಿದವರು, ಕ್ಯಾಮೆರಾ ನೇತುಹಾಕಿಕೊಂಡವರು. ಅವರ ಹಿಂದೆ ಊರಿನ ಅಂಗಡಿಯವರು, ಆಟೋದವರು. ಮುಂದೆ ಸೌಜನ್ಯ, ಕೈಯಲ್ಲಿ ಮೈಕು. ಕಮಾನಿನ ಕೆಳಗೆ ನಿಂತು ಮಾತು ಶುರು ಮಾಡಿದಳು. "ಈ ಕಮಾನು ಬರೀ ಇಟ್ಟಿಗೆ ಗಾರೆ ಅಲ್ಲ. ಬಂದವರಿಗೆಲ್ಲ ಬಾಗಿಲು ತೆರೆದ ಒಂದು ಊರಿನ..." ಅಲ್ಲಿಗೆ ನಿಂತಿತು. ಜನ ಮೂಗು ಮುಚ್ಚಿಕೊಂಡು ಅಂಗಳದ ಕಡೆ ನೋಡುತ್ತಿದ್ದರು. ಅವಳೂ ನೋಡಿದಳು.

ಕೀರ್ತಿಕುಮಾರ್ ನಗುತ್ತ ಮುಂದೆ ಬಂದ. "ಸಣ್ಣ ರಿಪೇರಿ. ಕಾಪಿ ಮುಂದಿನ ಹಾಲ್‌ನಲ್ಲಿ ಇಟ್ಕೊಳ್ಳೋಣ. ಮೇಡಂ, ನೀವು ಮುಂದುವರಿಸಿ."

"ಮೇಡಂ" ಎಂದು ಯಮುನ ಕೂಗಿದಳು. "ಆ ಕಥೆ ಅಲ್ಲ. ಇಲ್ಲಿಗೆ ಬನ್ನಿ. ನಾ ಹೇಳಿದ್ದನ್ನ ಇಲ್ಲಿ ನಿಂತು ಹೇಳಿ."

ಎಲ್ಲರೂ ಸೌಜನ್ಯಳ ಮುಖ ನೋಡಿದರು. ಅವಳ ಕುತ್ತಿಗೆ ಕೆಂಪಾಯಿತು. ಒಂದು ಹೆಜ್ಜೆ ಅಂಗಳದ ಕಡೆ ಇಟ್ಟಳು. ಕೀರ್ತಿಕುಮಾರನನ್ನು ನೋಡಿದಳು. ನಿಂತಳು.

"ಯಮುನಕ್ಕ, ಪ್ಲೀಸ್. ಈಗ ಬೇಡ. ಆಮೇಲೆ ಕೂತು ಮಾತಾಡೋಣ."

ಯಮುನಳಿಗೆ ಸಿಟ್ಟೂ ಬರಲಿಲ್ಲ. ಜಗಲಿಯ ಮೇಲೆ ಅತ್ತ ಕಣ್ಣು ಇದೇ. ಆ ಅಳು ಸುಳ್ಳಾಗಿರಲಿಲ್ಲ, ಆದರೆ ಇಲ್ಲಿಯವರೆಗೆ ನಡೆದು ಬರುವಷ್ಟು ಶಕ್ತಿ ಅದಕ್ಕಿರಲಿಲ್ಲ. ಅವಳು ಜನರ ಕಡೆ ತಿರುಗಿದಳು.

"ನನ್ನ ಗಂಡ ಸಣ್ಣಸ್ವಾಮಿ. ಇದ್ರೊಳಗೆ ಸತ್ತಿದ್ದು. ನಾನು ಕೂತಿದೀನಲ್ಲ, ಇದ್ರೊಳಗೆ. ಇವ್ರೇ ಇಳ್ಸಿದ್ದು. ಇವತ್ತು ನೀವು ಕಾಪಿ ಕುಡೀಬೇಕು ಅಂತ ಅವ್ರ ತಮ್ಮನ್ನ ಇಳಿಸ್ತಾವ್ರೆ."

ಸೌಜನ್ಯ ಓಡಿ ಬಂದು ಮೈಕು ಚಾಚಿದಳು.

"ಅದು ಬೇಡ" ಎಂದಳು ಯಮುನ. "ನಂಗೆ ಬಾಯಿದೆ."

"ಸುಳ್ಳು" ಎಂದ ಕೀರ್ತಿಕುಮಾರ್. "ಇಡೀ ಊರಿಗೆ ಗೊತ್ತು. ಅವನು ಕುಡಿದಿದ್ದ."

"ಕುಡ್ದಿದ್ರು. ಹೌದು. ಕುಡೀದೆ ಇದ್ರೊಳಗೆ ಯಾರು ಇಳೀತಾರೆ? ನೀವು ಇಳೀತೀರಾ?" ಯಮುನ ಲೋಕೇಶನ ಕೈ ತೋರಿಸಿದಳು. "ಆ ಪ್ಯಾಕೆಟ್ ಯಾರು ಕೊಟ್ಟಿದ್ದು, ಕೇಳಿ ಅವನ್ನ."

ಲೋಕೇಶ್ ತನ್ನ ಕೈಯಲ್ಲಿದ್ದ ಪ್ಯಾಕೆಟ್ಟನ್ನು ಮೊದಲ ಸಲ ಕಂಡವನಂತೆ ನೋಡಿದ.

ಜನರ ಹಿಂದಿನಿಂದ ಒಂದು ದನಿ ಬಂತು. "ಸಣ್ಣಸ್ವಾಮಿಗೂ ಯಜಮಾನ್ರೇ ಕೊಟ್ಟದ್ದು." ದೇರಪ್ಪ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. "ಹಗ್ಗ ನಾನೇ ಹಿಡ್ದಿದ್ದೆ. ಹಗ್ಗ ಸಡಿಲ ಆತ್. ಎಳೆಯಕೆ ಆಗ್ಲಿಲ್ಲೆ, ನಾ ಒಬ್ಬನೇ. ಜನ ಕರೀತೇನೆಂತ ಹೇಳ್ದೆ. ರೂಮಿನವ್ರು ನೋಡ್ತಾರೆ, ಬಾಯಿ ಮುಚ್ಚು ಹೇಳಿದ್ರು ಯಜಮಾನ್ರು. ನಾ ಮುಚ್ಚಿದೆ."

ಎಷ್ಟೋ ಫೋನುಗಳು ಮೇಲೆದ್ದಿದ್ದವು.

ಲೋಕೇಶ್ ಹಗ್ಗದ ಗಂಟಿಗೆ ಕೈ ಹಾಕಿದ. ಎಣ್ಣೆಯ ಬೆರಳಿಗೆ ಗಂಟು ಸಿಗಲಿಲ್ಲ. ಹಲ್ಲಿನಿಂದ ಎಳೆಯಲು ಬಗ್ಗಿದ, ಎಟುಕಲಿಲ್ಲ. ಅಲ್ಲೇ ಕುಸಿದು ಕೂತು ಅಳತೊಡಗಿದ. ಯಮುನ ಚಪ್ಪಡಿಯಿಂದ ಏಳಲಿಲ್ಲ. ಕೈ ಚಾಚಿ ಅವನನ್ನು ಹತ್ತಿರ ಎಳೆದುಕೊಂಡು ಗಂಟು ಬಿಚ್ಚಿದಳು.

"ಹಂಗಾದ್ರೆ ನಾನೇನ್ ಮಾಡ್ಲಿ?" ಕೀರ್ತಿಕುಮಾರನ ದನಿ ಒಡೆದಿತ್ತು. "ರೂಮುಗಳು ತುಂಬಿವೆ. ಲಾರಿ ಬರಲ್ಲ ಅಂದ್ರೆ ಬರಲ್ಲ!"

"ಕಮಾನು ಒಡೀರಿ."

ಟೋಪಿ ಹಾಕಿದ ಒಬ್ಬರು, ಒಳ್ಳೆಯ ಮನುಷ್ಯರಂತೆಯೇ ಕಾಣುತ್ತಿದ್ದರು, ತಡೆಯಲಾರದೆ ಹೇಳಿಬಿಟ್ಟರು: "ಅಯ್ಯೋ, ಎಂಬತ್ತು ವರ್ಷದ ಕಮಾನು ಕಣಮ್ಮ ಅದು."

"ನನ್ನ ಗಂಡಂಗೆ ಮೂವತ್ತಾರು" ಎಂದಳು ಯಮುನ.

ಅವರು ತಲೆ ತಗ್ಗಿಸಿದರು.

ಆಗ ಗುಂಡಿಯ ಹಿಂದಿನ ಗೋಡೆಯ ಮೇಲೆ ಒಂದು ಮುಖ ಕಾಣಿಸಿತು. ಪಕ್ಕದ ಮನೆಯ ಶಕುಂತಲಮ್ಮ. ವಯಸ್ಸಾದ ಹೆಂಗಸು. ಯಾವುದೋ ಸ್ಟೂಲು ಹತ್ತಿ ನಿಂತಿದ್ದರು. ಆ ಗೋಡೆಯ ಗಡಿಯ ವಿಷಯಕ್ಕೆ ಅವರಿಗೂ ಕೀರ್ತಿಕುಮಾರನಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು.

"ಲಾರಿ ನನ್ನ ಹಿತ್ತಲಿಗೆ ಬರಲಿ" ಎಂದರು. "ಹಿಂದಿನ ರಸ್ತೆಯಿಂದ ಶುಂಠಿ ಲಾರಿಗಳೇ ಬರ್ತವೆ, ಇದು ಬರಲ್ವಾ? ಪೈಪ್ ಗೋಡೆ ಮೇಲಿಂದ ಹಾಕ್ಕೊಳ್ಳಿ."

ಯಾರೋ ಫೋನ್ ಮಾಡಿದರು. ಲಾರಿ ಬರುವವರೆಗೆ ಯಮುನ ಚಪ್ಪಡಿ ಬಿಟ್ಟು ಏಳಲಿಲ್ಲ. ಬಿಸಿಲು ನೆತ್ತಿಗೇರಿತು. ನಡೆಯಲು ಬಂದವರಲ್ಲಿ ಅರ್ಧ ಜನ ಹೋದರು, ಅರ್ಧ ಜನ ನಿಂತರು. ನಿಂತವರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಯಾರೋ ನೀರಿನ ಬಾಟಲಿ ತಂದು ಅವಳಿಂದ ಮಾರು ದೂರದಲ್ಲಿ ನೆಲದ ಮೇಲಿಟ್ಟು ಹೋದರು. ಅವಳು ಅದನ್ನು ಮುಟ್ಟಲಿಲ್ಲ. ಕೀರ್ತಿಕುಮಾರ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಹಿತ್ತಲಿನಲ್ಲಿ ಲಾರಿಯ ಸದ್ದು ಕೇಳಿತು. ಗೋಡೆಯ ಮೇಲಿಂದ ದಪ್ಪ ಪೈಪು ಹಾವಿನ ಹಾಗೆ ಇಳಿದು ಬಂತು. ಯಮುನ ಎದ್ದಳು. ಕಾಲು ಮರಗಟ್ಟಿ ತೂರಾಡಿದಳು. ಲೋಕೇಶ್ ಹಿಡಿದುಕೊಂಡ. ಪೈಪಿನವನು ಚಪ್ಪಡಿ ಸರಿಸಿ, ಮೇಲೆ ನಿಂತೇ ತುದಿಯನ್ನು ಒಳಗೆ ಬಿಟ್ಟ. ಮಿಷನ್ ಗುಡುಗಿತು. ಯಾರೂ ಇಳಿಯಲಿಲ್ಲ. ಗೋಡೆಯ ಒಂದು ಇಟ್ಟಿಗೆಯೂ ಅಲುಗಲಿಲ್ಲ. ನವೀನ್‌ಕುಮಾರ್ ಒಂದು ಬೀಡಿ ಸೇದಿ ಮುಗಿಸಿ ಇನ್ನೊಂದು ಹಚ್ಚುವಷ್ಟರಲ್ಲಿ ಗುಂಡಿಯ ನೀರು ಕಣ್ಣಿಗೆ ಕಾಣುವಂತೆ ಇಳಿದಿತ್ತು.

ಇಷ್ಟೇ ಸಾಕಿತ್ತು ಅದಕ್ಕೆ.

ಯಮುನ ಗೋಡೆಯ ಹತ್ತಿರ ಹೋದಳು. ಶಕುಂತಲಮ್ಮ ಇನ್ನೂ ಸ್ಟೂಲಿನ ಮೇಲೇ ಇದ್ದರು.

"ಅಮ್ಮ, ಅವತ್ತು... ಮೂರು ವರ್ಷದ ಹಿಂದೆ ಕೇಳಿದ್ರೆ ಬಿಡ್ತಿದ್ರಾ?"

ಶಕುಂತಲಮ್ಮ ಗೋಡೆಯ ಮೇಲಿಂದ ಬಗ್ಗಿದರು. "ಬಿಡದೆ ಏನವ್ವ. ಜಗಳ ಗೋಡೆದು, ಜೀವದ್ದಲ್ಲ. ಯಾರೂ ನನ್ನ ಕೇಳಲೇ ಇಲ್ಲ."

ಇಡೀ ಬೆಳಿಗ್ಗೆ ಒಂದು ಹನಿ ಬಾರದಿದ್ದ ಕಣ್ಣಲ್ಲಿ ಆಗ ನೀರು ಬಂತು. ಯಮುನ ಗೋಡೆಗೆ ಹಣೆ ಒತ್ತಿ ನಿಂತಳು. ಸೌಜನ್ಯ ಹಿಂದೆ ಬಂದು ನಿಂತದ್ದು ಅವಳಿಗೆ ಗೊತ್ತಾಯಿತು. ಕೈ ಮುಟ್ಟಲು ಈ ಸಲ ಅವಳಿಗೆ ಧೈರ್ಯವಾಗಲಿಲ್ಲ.

"ಹೆಸರು ಹಾಕೇ ಬರೀತೀನಿ ಯಮುನಕ್ಕ. ಎಲ್ಲಾನೂ. ಅವರು ರೂಂ ಖಾಲಿ ಮಾಡಿಸಿದ್ರೂ ಸರಿ."

"ಬರೀರಿ" ಎಂದಳು ಯಮುನ, ತಿರುಗದೆ. "ಶಕುಂತಲಮ್ಮ ಹೇಳಿದ್ದೂ ಬರೀರಿ. ಯಾರೂ ಕೇಳಲಿಲ್ಲ ಅಂತ."

ಆಮೇಲೆ ಮುಖ ಒರೆಸಿಕೊಂಡು ದೇರಪ್ಪನನ್ನು ಕರೆದಳು. "ದೇರಪ್ಪಣ್ಣ, ಇಲ್ಲಿ ಹೇಳಿದ್ದನ್ನ ಸ್ಟೇಷನ್‌ನಲ್ಲಿ ಹೇಳ್ತೀರಾ?"

ಮುದುಕ ಕಾವಲಿನ ಟೋಪಿಯನ್ನು ಒಂದು ಕುರ್ಚಿಯ ಮೇಲಿಟ್ಟ. "ಹೇಳ್ನೆ, ಎಲ್ಲಿ ಬೇಕಾದ್ರೂ ಹೇಳ್ತೇನೆ" ಎಂದ.

ಲೋಕೇಶ್ ಅಂಗಿ ಹಾಕಿಕೊಂಡಿದ್ದ. ಅತ್ತಿಗೆಯ ಸೀರೆ ನೋಡಿ ತಡೆದ. ಸೊಂಟದಿಂದ ಕೆಳಗೆ ಎಲ್ಲ ಹೊಲಸು, ಅರ್ಧ ಒಣಗಿ ಕಪ್ಪಾಗಿತ್ತು.

"ಅತ್ಗೆ, ಮನೆಗೆ ಹೋಗಿ ಸೀರೆ ಬದಲಾಯ್ಸ್ಕೊಂಡು ಹೋಗಾಣ."

"ಬೇಡ. ಹಿಂಗೇ ಹೋಗಾಣ. ಮೂಗು ಮುಚ್ಕೊಂಡಾದ್ರೂ ಕೇಳ್ಲಿ."

ಮೂವರೂ ಕಮಾನಿನ ಕೆಳಗಿಂದ ಹೊರಗೆ ಬಂದರು. ಭಾನುವಾರದ ಪೇಟೆ ತುಂಬಿತ್ತು. ಮೈಸೂರಿನ ಬಸ್ಸುಗಳು, ಮಡಿಕೇರಿಯ ಜೀಪುಗಳು, ಜೇನು, ಕಾಪಿ ಪುಡಿ ಮಾರುವ ಅಂಗಡಿಗಳ ಮುಂದೆ ಪ್ರವಾಸಿಗರು. ಯಮುನ ರಸ್ತೆಯ ನಡುವೆ ನಡೆದಳು. ಜನ ಮುಖ ಸಿಂಡರಿಸಿ ಆಚೀಚೆ ಸರಿದರು. ದಿನವೂ ಅವಳೇ ಸರಿಯುತ್ತಿದ್ದಳು.

ಸ್ಟೇಷನ್ನಿನಲ್ಲಿ ಒಬ್ಬನೇ ಪೇದೆ ಇದ್ದ. ವಾಸನೆಗೆ ತಲೆ ಎತ್ತಿದ. ಸೀರೆ ನೋಡಿದ. "ಏನಮ್ಮ ಇದು, ಹೊರಗಡೆ ಕೂತ್ಕೋ. ಸಾಹೇಬ್ರು ಬರ್ಲಿ."

ಯಮುನ ಮೇಜಿನ ಮುಂದಿದ್ದ ಕುರ್ಚಿಯನ್ನು ಎಳೆದುಕೊಂಡು ಕೂತಳು.

"ಬರ್ಲಿ" ಎಂದಳು.